ಕಗ್ಗತ್ತಲ ಗ್ರಹದ ಖಳರು ಹುಟ್ಟಿದ ಬಗೆ

ನಾನು ಗಂಭೀರವಾಗಿ ಏನಾದರೂ ಮಾಡಲು ಹೊರಟರೆ ಸಾಕು, ನಮ್ಮ ಶಾಲೆಯಲ್ಲಿ ಅದು ನಗೆಪಾಟಲಾಗದೆ ಉಳಿಯುವುದಿಲ್ಲ. ಯಾದವಗಿರಿಯ ಈ ಪುಟ್ಟ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷವೂ ಪೌರಾಣಿಕ ನಾಟಕವೇ. ಈ ಸಲ ಹಟ ಹಿಡಿದು ನಾನೇ ಒಂದು ವಿಜ್ಞಾನ ನಾಟಕ ಬರೆದೆ. ಕಗ್ಗತ್ತಲ ಗ್ರಹದ ಮೂವರು ಖಳರು ಭೂಮಿಗೆ ಬಂದು ಮಕ್ಕಳನ್ನು ಹಿಡಿದು ಆಕಾಶನೌಕೆಗೆ ತುಂಬುತ್ತಾರೆ. ಪರದೆಯ ಹಿಂದೆ ಅಡಗಿದ್ದ ಒಬ್ಬ ಹುಡುಗಿ ಕೊನೆಯಲ್ಲಿ ಕೆಂಪು ಬಟನ್ ಒತ್ತಿ ಎಲ್ಲರನ್ನೂ ಉಳಿಸುತ್ತಾಳೆ.

ಹೆಡ್‌ಮೇಡಂ ಓದಿ ಮುಗಿಸಿ ಕನ್ನಡಕ ತೆಗೆದರು. "ಖಳರನ್ನ ನೋಡಿ ಜನ ನಡುಗಬೇಕು. ಸಭೆಯಲ್ಲಿ ನಗು ಕೇಳಿಸ್ತೋ, ಮುಂದಿನ ವರ್ಷದಿಂದ ಮತ್ತೆ ಪೌರಾಣಿಕವೇ."

"ಆಗಲಿ ಮೇಡಂ" ಅಂದುಬಿಟ್ಟೆ. ನನ್ನ ಬಾಯಿಗೆ ಬೀಗ ಹಾಕುವವರಿಲ್ಲ.

ಒಳ್ಳೆಯವರ ಮಕ್ಕಳು

ಖಳರ ಪಾತ್ರಕ್ಕೆ ಮೊದಲು ಏಳನೇ ಕ್ಲಾಸಿನ ಮೂವರು ಹುಡುಗರನ್ನು ಆರಿಸಿದ್ದೆ. ಮಾರನೇ ದಿನ ಬೆಳಿಗ್ಗೆ ಮೂವರ ತಾಯಂದಿರೂ ಗೇಟಿನ ಹತ್ತಿರ ಹಾಜರು.

"ನಮ್ಮ ಹುಡುಗನನ್ನ ವಿಲನ್ ಮಾಡ್ಬೇಡಿ ಮಿಸ್" ಎಂದರು ಒಬ್ಬರು.

"ಬರೀ ನಾಟಕ ಕಣ್ರೀ. ಇಪ್ಪತ್ತು ನಿಮಿಷದ ಮಾತು."

"ಮನೇಲಿ ಇಡೀ ದಿನ ಅದೇ ಪಾತ್ರ ಮಿಸ್. ಆ ಇಪ್ಪತ್ತು ನಿಮಿಷ ಆದ್ರೂ ನಾನು ಅವನನ್ನ ಒಳ್ಳೆಯವನಾಗಿ ನೋಡ್ತೀನಿ."

ಮೂರೂ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಆ ಹುಡುಗ ನನ್ನ ಕ್ಲಾಸಿನಲ್ಲೂ ಅದೇ ಪಾತ್ರ ಮಾಡುತ್ತಾನೆ.

ಸುಮಾರು ನಾಶ

ಮಕ್ಕಳು ಕೈತಪ್ಪಿದ ಮೇಲೆ ದೊಡ್ಡವರೇ ಗತಿ. ಮೊದಲು ಗಣಿತದ ಮೇಷ್ಟ್ರನ್ನು ಹಿಡಿದೆ. ಅವರ ಹೆಸರು ಕೇಳಿದರೇ ಮಕ್ಕಳಿಗೆ ಜ್ವರ ಬರುತ್ತದೆ, ಹಾಗಾಗಿ ತಯಾರಿಯೇ ಬೇಕಿರಲಿಲ್ಲ. ಅವರ ಮಾತು ಒಂದೇ: "ನಮ್ಮ ಗ್ರಹದಿಂದ ಹೊರಟ ಕಿರಣ ಹತ್ತು ನಿಮಿಷದಲ್ಲಿ ಭೂಮಿಯನ್ನು ನಾಶ ಮಾಡುತ್ತದೆ!"

ಮೇಷ್ಟ್ರು ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದರು. "ನೀವು ಹೇಳೋ ದೂರಕ್ಕೆ ಕಿರಣ ಬರೋಕೆ ಎಂಟು ವರ್ಷ ಬೇಕು ಮೇಡಂ. ಅಷ್ಟು ಹೊತ್ತಿಗೆ ಈ ಮಕ್ಕಳೆಲ್ಲ ಡಿಗ್ರಿ ಮುಗಿಸಿರ್ತಾರೆ."

"ನಾಟಕಕ್ಕೆ ಇಷ್ಟು ಲೆಕ್ಕ ಯಾಕೆ ಸಾರ್?"

"ಖಳನಾದ್ರೆ ಲೆಕ್ಕ ತಪ್ಪಬೇಕು ಅಂತ ಎಲ್ಲಿದೆ?"

ಕೊನೆಗೆ ರಾಜಿಯಾಯಿತು. ಮಾತನ್ನು ಅವರೇ ತಿದ್ದಿಕೊಂಡರು: "ಸುಮಾರು ಹತ್ತು ನಿಮಿಷದಲ್ಲಿ ಭೂಮಿ ಸುಮಾರು ನಾಶವಾಗುತ್ತದೆ!"

ಯಾವ ಯುಗದವರು?

ನಾಟಕದ ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿಗೆ ಹೋದೆ. ಅಂಗಡಿಯ ಯಜಮಾನರು ವಯಸ್ಸಾದವರು, ಮರ್ಯಾದಸ್ಥರು.

"ಮೂವರು ಖಳರಿಗೆ ಡ್ರೆಸ್ ಬೇಕಿತ್ತು."

"ಯಾವ ಯುಗದವರು ತಾಯಿ?"

"ಯುಗ ಅಲ್ಲ, ಬೇರೆ ಗ್ರಹದವರು."

"ನವಗ್ರಹದಲ್ಲಿ ಬರ್ತಾರಾ?"

"ಅದರಿಂದ ಆಚೆ."

ಅವರು ಅಟ್ಟದಿಂದ ಮೂರು ಗಂಟು ಇಳಿಸಿದರು. "ಯಮದೂತರ ಡ್ರೆಸ್ ತಗೊಂಡು ಹೋಗಿ. ಅವರು ಹೋಗದೇ ಇರೋ ಜಾಗ ಇಲ್ಲ."

ಗಂಟಿನಲ್ಲಿದ್ದ ಗದೆಗೆ ಅಲ್ಯುಮಿನಿಯಂ ಹಾಳೆ ಸುತ್ತಿ ಕಿರಣದ ಬಂದೂಕು ಮಾಡಿದೆ. ಕಿರೀಟ ಹಾಗೇ ಇರಲಿ ಎಂದು ಬಿಟ್ಟೆ.

ಬೇಜಾರು ಮಾಡ್ಕೋಬೇಡಿ

ಎರಡನೆಯ ಖಳ ನಮ್ಮ ಆಯಮ್ಮ. ಇಲವಾಲದಿಂದ ಬಸ್ಸಿನಲ್ಲಿ ಬರುತ್ತಾರೆ. ಕಾರಿಡಾರಿನಲ್ಲಿ ಅವರು ಗದರಿದರೆ ಹೆಡ್‌ಮೇಡಂ ಕೂಡ ನಡಿಗೆ ನಿಲ್ಲಿಸುತ್ತಾರೆ. "ಭೂಮಿಯ ಜನರೇ, ನಿಮ್ಮನ್ನು ಪುಡಿ ಪುಡಿ ಮಾಡುತ್ತೇನೆ" ಎಂದು ಹೇಳಿಕೊಟ್ಟೆ.

ಆಯಮ್ಮ ಸೆರಗು ಸರಿಮಾಡಿಕೊಂಡು ಹೇಳಿದರು: "ಭೂಮಿಯ ಜನರೇ, ಬೇಜಾರು ಮಾಡ್ಕೋಬೇಡಿ, ನಿಮ್ಮನ್ನ ಪುಡಿ ಮಾಡ್ಬೇಕಾಗೈತೆ."

"ಬೇಜಾರಿನ ಮಾತು ಯಾಕೆ ಆಯಮ್ಮ?"

"ಗುರ್ತಿಲ್ದೋರ ಮನೆಗೆ ಮೊದಲ್ನೇ ಸಲ ಬಂದಿವ್ನಿ ಕಣ್ ಮಿಸ್ಸು. ಬಂದೇಟಿಗೆ ಪುಡಿ ಮಾಡ್ತೀನಿ ಅಂದ್ರೆ ಚೆಂದಾಗಿರ್ತದಾ?"

ನಾಯಕ

ಮೂವರ ನಾಯಕ ಶಾಲೆಯ ವ್ಯಾನ್ ಡ್ರೈವರ್. ಉದಯಗಿರಿಯವರು, ಆರಡಿ ಎತ್ತರ, ಪೊದೆಮೀಸೆ. "ಡೈಲಾಗೆಲ್ಲ ಬ್ಯಾಡ ಮೇಡಂ. ನಗೋದಿದ್ರೆ ಕೊಡಿ, ಹೊಡೆದಾಕ್ಬುಡ್ತೀನಿ" ಎಂದರು. ಅವರು ನಕ್ಕರೆ ಲ್ಯಾಬಿನ ಗಾಜಿನ ಸೀಸೆಗಳು ಅಲುಗುತ್ತಿದ್ದವು. ನನಗೆ ಆನಂದವೋ ಆನಂದ.

ಸೆರೆಯಾಗುವ ಮಕ್ಕಳ ಪಾತ್ರಕ್ಕೆ ಅವರ ವ್ಯಾನಿನ ಮಕ್ಕಳನ್ನೇ ಹಾಕಿದೆ. ಹದಿನೇಳು ಜನ ಸೆರೆಯಾಳುಗಳು, ಹದಿನೆಂಟನೆಯವಳು ಬಟನ್ ಒತ್ತುವ ನಾಯಕಿ. ಆದರೆ ಸಂಜೆ ನಾಲ್ಕಾಯಿತೆಂದರೆ ಖಳನಾಯಕ ಗದೆ ಕೆಳಗಿಟ್ಟು ವ್ಯಾನಿನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಂದೊಂದು ತಲೆಯನ್ನೂ ಮುಟ್ಟಿ ಎಣಿಸಿ, ಹದಿನೆಂಟು ಅಂದ ಮೇಲೇ ಗಾಡಿ ಸ್ಟಾರ್ಟ್. ಮಂತ್ರಿಗಳು ಬಂದು ಹೇಳಿದರೂ ಅದಕ್ಕೆ ಮೊದಲು ಹೊರಡುವ ಪೈಕಿಯಲ್ಲ.

ಎಣಿಕೆ

ವಾರ್ಷಿಕೋತ್ಸವದ ಸಂಜೆ ಎಲ್ಲವೂ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ನಡೆಯಿತು. ಮೇಷ್ಟ್ರು ವೇದಿಕೆಗೆ ಬಂದ ಕೂಡಲೇ ಮಕ್ಕಳೆಲ್ಲ ನೆಟ್ಟಗೆ ಕುಳಿತರು. ಆಯಮ್ಮನೂ ಕ್ಷಮೆ ಕೇಳದೆ ಪುಡಿ ಮಾಡಿದರು. ಡ್ರೈವರ್ ಒಮ್ಮೆ ನಕ್ಕದ್ದಕ್ಕೆ ಮುಂದಿನ ಸಾಲಿನಲ್ಲಿ ಒಂದು ಮಗು ಕಿಟಾರನೆ ಕಿರುಚಿ ಅಳತೊಡಗಿತು. ಆ ಅಳು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲು ನಾಚಿಕೆಯಾಗುತ್ತದೆ.

ಆಮೇಲೆ ಆಕಾಶನೌಕೆ ಬಂತು. ಫ್ರಿಜ್ ಬಂದಿದ್ದ ರಟ್ಟಿನ ಡಬ್ಬಗಳಿಂದ ಮಾಡಿದ್ದ ಅದು ಸಿದ್ಧವಾದದ್ದೇ ಅವತ್ತು. ರಿಹರ್ಸಲಿನಲ್ಲಿ ಬೆಂಚಿನ ಮೇಲೆ ಕುಳಿತು ನೌಕೆ ಅಂದುಕೊಳ್ಳುತ್ತಿದ್ದೆವು. ಈಗ ಅದಕ್ಕೊಂದು ಬಾಗಿಲಿತ್ತು. ಮಕ್ಕಳು ಸಾಲಾಗಿ ಬಾಗಿಲ ಮುಂದೆ ನಿಂತರು. ಡ್ರೈವರ್ ಕೈ ತಾನಾಗಿಯೇ ಮೊದಲ ತಲೆಯ ಮೇಲೆ ಹೋಯಿತು.

"ಒಂದು... ಎರಡು..." ಹದಿನೇಳಕ್ಕೆ ಸಾಲು ಮುಗಿಯಿತು. ಅವರು ಸಾಲಿನ ಹಿಂದೆ ಇಣುಕಿದರು. "ಒಬ್ರು ಕಮ್ಮಿ ಅವ್ರೆ!"

"ನೌಕೆ ಹೊರಡಲಿ!" ಎಂದು ಮೇಷ್ಟ್ರು ನಾಟಕದ ಮಾತನ್ನೇ ಗುಡುಗಿದರು.

"ಎಂಗೆ ಹೊರಡೋದು ಸಾ? ಮಗು ಬಂದಿಲ್ಲ."

ನಾನು ಪಕ್ಕದಿಂದ ಸನ್ನೆ ಮಾಡಿದೆ, ಪಿಸುಗುಟ್ಟಿದೆ, ಕೈ ಮುಗಿದೆ. ಅವರು ನೋಡಲೇ ಇಲ್ಲ. ಗದೆ ಬಗಲಲ್ಲಿ ಇರುಕಿಕೊಂಡು ವೇದಿಕೆಯೆಲ್ಲ ಹುಡುಕಿ, ಪರದೆ ಎತ್ತಿದರು. ನಾಯಕಿ ಬಟನ್ ಹಿಡಿದು ಕೂತಿದ್ದಳು.

"ಇಲ್ಲಿದೀಯಾ ಪುಟ್ಟಿ? ಎದೆ ಒಡೆದೋಗಿತ್ತಲ್ಲವ್ವ! ಬಾ, ಹತ್ತು."

"ಅಂಕಲ್, ನಾನು ಭೂಮಿ ಉಳಿಸ್ಬೇಕು!"

"ನಾಳೆ ಉಳಿಸೀವಂತೆ. ಅಮ್ಮ ಕಾಯ್ತಿರ್ತಾರೆ."

ಅವಳನ್ನು ಎತ್ತಿ ನೌಕೆಯೊಳಗೆ ಕೂರಿಸಿ, ತಲೆ ಮುಟ್ಟಿ "ಹದಿನೆಂಟು" ಅಂದು, ನೌಕೆಗೆ ಎರಡು ಸಲ ತಟ್ಟಿ "ರೈಟ್!" ಎಂದರು. ಸಭೆಯಲ್ಲಿ ನಗದವರೇ ಇರಲಿಲ್ಲ. ಅಳುತ್ತಿದ್ದ ಮಗುವೂ ನಗುತ್ತಿತ್ತು.

ಪರದೆ ಬಿದ್ದ ಮೇಲೆ ಹೆಡ್‌ಮೇಡಂ ನನ್ನ ಕಡೆ ಬರುವುದು ಕಾಣಿಸಿತು. ಮುಂದಿನ ವರ್ಷ ಪೌರಾಣಿಕವೇ ಗಟ್ಟಿ ಅಂದುಕೊಂಡೆ. ಆದರೆ ಅವರಿಗಿಂತ ಮೊದಲೇ, ಅವತ್ತು ಗೇಟಿನ ಹತ್ತಿರ ಮಗನನ್ನು ವಿಲನ್ ಮಾಡಬೇಡಿ ಎಂದಿದ್ದ ತಾಯಿ ಓಡಿ ಬಂದರು.

"ಮಿಸ್, ಮುಂದಿನ ವರ್ಷ ನಮ್ಮ ಹುಡುಗನನ್ನ ಆ ಗ್ರಹಕ್ಕೇ ಸೇರಿಸಿ. ಎಂಥಾ ಜವಾಬ್ದಾರಿ ಇರೋ ಜನ!"

ಅವರ ಹಿಂದೆ ಇನ್ನೂ ನಾಲ್ಕೈದು ತಾಯಂದಿರು ತಲೆಯಾಡಿಸಿದರು. ಹೆಡ್‌ಮೇಡಂ ಬೈಯಲು ತೆರೆದ ಬಾಯನ್ನು ಮುಚ್ಚಿ, ಅವರನ್ನೆಲ್ಲ ನೋಡಿ, ಮೆಲ್ಲಗೆ ನನ್ನನ್ನು ಕೇಳಿದರು: "ಆ ಗ್ರಹದಲ್ಲಿ ಒಟ್ಟು ಎಷ್ಟು ಸೀಟಿದೆ ಮೇಡಂ?"

ಯಮದೂತನ ಕಿರೀಟ ಇನ್ನೂ ತೆಗೆಯದ ಡ್ರೈವರ್ ಬಾಗಿಲಿನಿಂದಲೇ ಕೂಗಿದರು: "ಹದಿನೆಂಟೇ ಮೇಡಂ! ಒಬ್ರು ಜಾಸ್ತಿ ಆದ್ರೂ ನಾನು ಗಾಡಿ ತಗಿಯಕ್ಕಿಲ್ಲ!"