ಓದದೆ ಹೊಗಳಿದ ಹದಿನಾಲ್ಕು ಜನ

ಓದದೆ ಹೊಗಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಓದಿ ಬೈಯುವವರನ್ನು ಕ್ಷಮಿಸಬಹುದು. ಓದದೆ ಬೈಯುವವರನ್ನೂ ಹಾಳಾಗಿ ಹೋಗಲಿ ಎಂದು ಬಿಡಬಹುದು. ಆದರೆ ಓದದೆ ‘ಅದ್ಭುತ’ ಎನ್ನುವವರನ್ನು ಮಾತ್ರ ಸಾಲಾಗಿ ನಿಲ್ಲಿಸಿ ಕಿವಿ ಹಿಂಡಬೇಕು. ಇಷ್ಟು ಕೋಪ ಯಾಕೆ ಅಂತೀರಾ? ಹೇಳುತ್ತೇನೆ.

ನಮ್ಮ ಮನೆಯ ಕುಕ್ಕರ್ ಕೂಗದೆ ಕೈಕೊಟ್ಟ ದಿನದ ಮೇಲೆ ನಾನೊಂದು ಹಾಸ್ಯ ಪ್ರಬಂಧ ಬರೆದಿದ್ದೆ. ಮೂರು ಪತ್ರಿಕೆಗಳಿಂದ ಅದು ಮೂರು ಸಲ ತವರಿಗೆ ಬಂದಿತ್ತು. ದೀಪಾವಳಿ ವಿಶೇಷಾಂಕಕ್ಕೆ ಕಳಿಸುವ ಮೊದಲು, ಅದನ್ನು ಓದಿದರೆ ನಗು ಬರುತ್ತದೋ ಇಲ್ಲವೋ, ಅದೊಂದು ನನಗೆ ಗೊತ್ತಾಗಬೇಕಿತ್ತು. ಬಾರದಿದ್ದರೆ ಬರೆಯುವುದನ್ನೇ ಬಿಟ್ಟುಬಿಡೋಣ ಎಂದುಕೊಂಡಿದ್ದೆ. “ನಾನಿಲ್ವೇನೇ? ಕೊಡು, ನಾನೇ ಓದ್ತೀನಿ,” ಎಂದರು ನಮ್ಮ ಯಜಮಾನರು. ನಗೆಹನಿ ಹೇಳಿ ಮುಗಿಸಿದರೂ “ಆಮೇಲೇನಾಯ್ತು?” ಎಂದು ಕೇಳುವ ಮನುಷ್ಯ! “ನಿಮಗೆ ಸಾಹಿತ್ಯ ಗೊತ್ತಾಗಲ್ಲ, ಸುಮ್ನಿರಿ,” ಎಂದೆ.

ಆಗ ಒಂಟಿಕೊಪ್ಪಲಿನ ನಮ್ಮ ಬೀದಿಯಲ್ಲಿ ಹೊಸದಾಗಿ ಸೈಬರ್ ಸೆಂಟರ್ ತೆರೆದಿದ್ದ ಮಹದೇವಪ್ಪ ದಾರಿ ತೋರಿಸಿದರು. “ಬರಿಯೋರಿಗೇ ಅಂತ ಒಂದು ಗುಂಪದೆ ಕಣ್ರೀ ಮೇಡಂ. ಬರ್ದಿದ್ದನ್ನ ಇಮೇಲಲ್ಲಿ ಕಳ್ಸುದ್ರೆ ಎಲ್ರೂ ಓದಿ ಅಭಿಪ್ರಾಯ ಹೇಳ್ತಾರೆ. ಪುಕ್ಕಟೆ ಸಹಾಯ!” ಗುಂಪಿನ ನಿಯಮ ಒಂದೇ: ನಿಮ್ಮದನ್ನು ಕಳಿಸುವ ಮುಂಚೆ ಬೇರೆ ಐವರ ಬರಹಕ್ಕೆ ಅಭಿಪ್ರಾಯ ಬರೆಯಬೇಕು. ಅವರೆಲ್ಲ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು, ಓದಲು ಕಣ್ಣು ಕಿತ್ತು ಬರುತ್ತಿತ್ತು. ಹೇಗೋ ಐವರಿಗೂ ನಾಲ್ಕು ಒಳ್ಳೆಯ ಮಾತು ಬರೆದು, ಜಯಲಕ್ಷ್ಮಿಪುರಂನಲ್ಲಿ ನಾನು ಕೆಲಸ ಮಾಡುವ ಕಾಲೇಜು ಲೈಬ್ರರಿಯ ಕಂಪ್ಯೂಟರಿನಲ್ಲಿ ಅಚ್ಚಗನ್ನಡದಲ್ಲಿ ಟೈಪು ಮಾಡಿದ್ದ ಪ್ರಬಂಧವನ್ನು ಅಲ್ಲಿಂದಲೇ ಗುಂಪಿಗೆ ಕಳಿಸಿದೆ.

ವಾರದಲ್ಲಿ ಹದಿನಾಲ್ಕು ಉತ್ತರ! “ಅದ್ಭುತ”, “ಭಾಷೆಯ ಮೇಲೆ ಎಂಥ ಹಿಡಿತ”, “ಕೊನೆಯ ಸಾಲಿಗೆ ಕಣ್ಣು ಒದ್ದೆಯಾಯಿತು”. ಕುಕ್ಕರಿನ ಪ್ರಬಂಧಕ್ಕೆ ಕಣ್ಣೀರು ಯಾಕೆ ಎಂದು ಆಗಲೇ ಅನುಮಾನ ಬರಬೇಕಿತ್ತು. ನಾನು ಮಾತ್ರ, ನನಗೇ ತಿಳಿಯದ ಆಳ ನನ್ನ ಬರವಣಿಗೆಯಲ್ಲಿದೆ ಎಂದುಕೊಂಡು ಎರಡು ದಿನ ಗಂಡನ ಹತ್ತಿರ ಗ್ರಂಥಸ್ಥ ಭಾಷೆಯಲ್ಲಿ ಮಾತಾಡಿದೆ.

ಈ ಕೀರ್ತಿಯನ್ನು ತೋರಿಸಲೆಂದೇ ಅವರನ್ನು ಸೈಬರ್ ಸೆಂಟರಿಗೆ ಎಳೆದುಕೊಂಡು ಹೋಗಿ ನನ್ನ ಪ್ರಬಂಧ ತೆರೆದೆ. ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿ, ಪ್ರಶ್ನಾರ್ಥಕ ಚಿಹ್ನೆಗಳ ಸಂತೆ. ಒಂದಾದರೂ ಕನ್ನಡ ಅಕ್ಷರವಿಲ್ಲ. “ನಿಮ್ ಕನ್ನಡ ಫಾಂಟು ನಿಮ್ ಲೈಬ್ರರೀಲಿ ಮಾತ್ರ ಅದೆ ಮೇಡಂ. ಮಿಕ್ಕೋರಿಗೆಲ್ಲ ಇಂಗೇ ಕಾಣೋದು,” ಎಂದರು ಮಹದೇವಪ್ಪ.

ಹದಿನಾಲ್ಕು ಜನ! ಒಬ್ಬರಿಗಾದರೂ “ಅಮ್ಮಾ, ಏನೂ ಕಾಣ್ತಿಲ್ಲ” ಎನ್ನಲು ಬಾಯಿರಲಿಲ್ಲವೇ? ಅಲ್ಲೇ ಕೂತು ಇಡೀ ಗುಂಪಿಗೆ ಬರೆದೆ: “ನಾಚಿಕೆಯಾಗಬೇಕು ನಿಮಗೆ. ಇನ್ನೊಬ್ಬರ ಬರಹವೆಂದರೆ ನಿಮಗೆ ಇಷ್ಟೇನಾ?”

ಹದಿನಾಲ್ಕು ಜನರಲ್ಲಿ ಹಾಸನದ ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ಉತ್ತರಿಸಿದರು. “ತಪ್ಪಾಯಿತು ತಾಯಿ, ನಾನು ಓದಿರಲಿಲ್ಲ. ನನ್ನ ಬರಹಕ್ಕೆ ತಾವು ‘ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ’ ಎಂದು ಬರೆದಿದ್ದಿರಿ. ಅದು ನಮ್ಮ ತಾಯಿ ತೀರಿಕೊಂಡ ದಿನದ ಬಗ್ಗೆ ಬರೆದದ್ದು. ಹೊಗಳಿದ್ದೀರಲ್ಲ ಎಂದು ನಾನೂ ಹೊಗಳಿದೆ.”

ಆ ಬರಹವನ್ನು ಅವತ್ತು ಮೊದಲಿನಿಂದ ಕೊನೆಯವರೆಗೆ ಓದಿದೆ. ಅವರಿಗೆ “ತಪ್ಪಾಯಿತು” ಎಂದಷ್ಟೇ ಬರೆದೆ.

ಮನೆಗೆ ಬಂದು ನನ್ನ ಪ್ರಬಂಧದ ಕೈಬರಹದ ಪ್ರತಿಯನ್ನು ಯಜಮಾನರ ಕೈಗೆ ಕೊಟ್ಟೆ. ಕನ್ನಡಕ ಒರೆಸಿಕೊಂಡು, ಒಂದೊಂದೇ ಸಾಲಿಗೆ ಬೆರಳಿಟ್ಟು ಆರೂ ಪುಟ ಓದಿದರು. ಒಂದು ಸಲವೂ ನಗಲಿಲ್ಲ. ಕೊನೆಗೆ ತಲೆಯೆತ್ತಿ, “ಎಲ್ಲೆಲ್ಲಿ ನಗ್ಬೇಕು ಅಂತ ಪಕ್ಕದಲ್ಲಿ ಒಂದು ಗುರ್ತು ಹಾಕ್ಬುಡೇ,” ಎಂದರು.

ಮೈ ಉರಿಯಿತು. ಆದರೆ ಏನು ಮಾಡಲಿ, ಪುಣ್ಯಾತ್ಮ ಓದಿಬಿಟ್ಟಿದ್ದರು.