ಸೋಮವಾರ ನಿಧಾನವಾಗಿ ಓಡಿದ ಚಾಂಪಿಯನ್ನರ ಮೇಲೊಂದು ದೂರು

ದೂರದ ಓಟದ ಚಾಂಪಿಯನ್ನರೂ ಗುಡ್ಡದ ಮೇಲಿನ ತರಬೇತಿ ಶಿಬಿರದ ಹಿರಿಯರೂ ಆದ ಮಾನ್ಯರೇ,

ತಮ್ಮ ಮಂಡಿ, ಮೀನಖಂಡ, ಹಿಮ್ಮಡಿಗಳೆಲ್ಲ ಕ್ಷೇಮವೆಂದು ನಂಬಿದ್ದೇನೆ. ನನ್ನವು ಕ್ಷೇಮವಾಗಿಲ್ಲ, ಅದಕ್ಕೆ ತಾವೇ ಹೊಣೆ ಎಂದು ಅತ್ಯಂತ ವಿನಯದಿಂದ ನಾಲ್ಕು ಜನರೆದುರು ಹೇಳಿಕೊಳ್ಳಲು ಈ ಪತ್ರ. ತಮಗೆ ನನ್ನ ನೆನಪಿರಲಿಕ್ಕಿಲ್ಲ. ಪರದೇಶದಿಂದ ಬಂದು, ತಮಗೂ ಇಲ್ಲದಂಥ ಬೂಟು, ಕಪ್ಪು ಕನ್ನಡಕ ಹಾಕಿಕೊಂಡು, ಸೊಂಟದ ಸುತ್ತ ನೀರಿನ ಬಾಟಲಿ ಕಟ್ಟಿಕೊಂಡು ತಮ್ಮ ಶಿಬಿರ ಸೇರಿದ ವಿಮಾ ಕಚೇರಿಯ ಗುಮಾಸ್ತ ನಾನು. ಹೆಂಡತಿ ಮಗಳೊಡನೆ ಪ್ರವಾಸ ಹೋಗಬೇಕಿದ್ದ ರಜೆಯನ್ನು ಒಬ್ಬನೇ ನುಂಗಿಹಾಕಿದ್ದರಿಂದ, ಏನನ್ನೂ ಸಾಧಿಸದೆ ಮನೆಗೆ ಮುಖ ತೋರಿಸುವಂತಿರಲಿಲ್ಲ.

ಆ ಸೋಮವಾರ ಬೆಳಿಗ್ಗೆ ತಾವು ಗೆಳೆಯರೊಡನೆ ಹರಟುತ್ತ, ನಡುನಡುವೆ ಆಕಳಿಸುತ್ತ ಮಣ್ಣುರಸ್ತೆಯಲ್ಲಿ ಓಡುತ್ತಿದ್ದಿರಿ. ಓಡುತ್ತಿದ್ದಿರಿ ಎನ್ನುವುದು ಮರ್ಯಾದೆಯ ಮಾತು. ನಮ್ಮ ಅತ್ತೆಯವರು ತರಕಾರಿ ತರಲು ಹೋಗುವುದು ಅದಕ್ಕಿಂತ ಚುರುಕು. ಹಿಂದಿನ ದಿನದ ದಣಿವು ಕಳೆಯಲು ಹೀಗೆ ಬೇಕೆಂದೇ ನಿಧಾನವಾಗಿ ಓಡುವುದು ತಮ್ಮಲ್ಲಿ ಪದ್ಧತಿಯಂತೆ. ಅದನ್ನು ಒಂದು ಬೋರ್ಡು ನೆಟ್ಟು ತಿಳಿಸುವ ಸೌಜನ್ಯ ಯಾರಿಗೂ ಇರಲಿಲ್ಲ. ನಾನು ಹಲ್ಲು ಕಚ್ಚಿ ತಮ್ಮನ್ನು ಹಿಂದೆ ಹಾಕಿದೆ. ಮೊಬೈಲು ಎತ್ತಿ ಹಿಡಿದು, ಜಗತ್ತೇ ಬೆನ್ನಟ್ಟಲಾಗದ ತಾವು ನನ್ನ ಬೆನ್ನ ಹಿಂದೆ ಬರುತ್ತಿರುವುದನ್ನು ವಿಡಿಯೋ ಮಾಡಿದೆ. ಆಗ ತಾವು ಅಂಗೈಯನ್ನು ಕೆಳಮುಖ ಮಾಡಿ ಮೆಲ್ಲಗೆ ಆಡಿಸಿದಿರಿ. ನಾನದನ್ನು ಆಶೀರ್ವಾದವೆಂದುಕೊಂಡು, ಓಡುತ್ತಲೇ ತಲೆಬಾಗಿ, ಇನ್ನಷ್ಟು ಜೋರು ಮಾಡಿದೆ.

ಮರುದಿನ ಟ್ರ್ಯಾಕಿನಲ್ಲಿ ತಾವು ನಿಜವಾಗಿ ಓಡಿದಿರಿ. ತಾವು ಪಕ್ಕದಲ್ಲಿ ಹಾದುಹೋಗುವಾಗ ಗಾಳಿ ಬೀಸಿದ್ದು ಗೊತ್ತಾಯಿತೇ ಹೊರತು ತಮ್ಮ ಮುಖ ಕಾಣಲಿಲ್ಲ. ತಾವು ನನ್ನನ್ನು ಮೂರನೇ ಸಲ ದಾಟುವಾಗ ಕೋಚ್ ನನ್ನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದರು. ಆದರೆ ವಿಡಿಯೋ ಅಷ್ಟರಲ್ಲಿ ಮನೆ ಮುಟ್ಟಿತ್ತು. ಭಾವಮೈದ ಅದನ್ನು ನೆಂಟರಿಗೆಲ್ಲ ಹಂಚಿದ. ಮಗಳು ತರಗತಿಯಲ್ಲಿ ಸಾರಿ, ಶಾಲೆಯ ತಂದೆ-ತಾಯಿಯರ ಓಟಕ್ಕೆ ನನ್ನ ಹೆಸರನ್ನೂ ಬರೆಸಿದಳು. ಹೆಂಡತಿ ಮಾತ್ರ, "ಅಲ್ಲ ರೀ, ಹಿಂದೆ ಬರ್ತಿರೋರು ಆಕಳಿಸ್ತಿದಾರಲ್ಲ?" ಎಂದು ಕೇಳಿದಳು. ಸೋತವರ ಸುಸ್ತು ಎಂದು ಬಾಯಿ ಮುಚ್ಚಿಸಿದೆ.

ಊರಿಗೆ ಮರಳಿದ ಮೇಲೆ ಶಾಲೆಯ ಮೈದಾನದಲ್ಲಿ ನಾನು ಬಾಣದಂತೆ ಹೊರಟೆ. ಅರ್ಧ ಸುತ್ತಿನವರೆಗೆ ನಾನೇ ಮೊದಲು. ಆಮೇಲೆ ಮಂಡಿ ಹಿಡಿದುಕೊಂಡಿತು, ಉಸಿರು ಸಿಕ್ಕಿಕೊಂಡಿತು. ಫೋನಿನಲ್ಲಿ ಮಾತಾಡುತ್ತಿದ್ದ ಡೊಳ್ಳುಹೊಟ್ಟೆಯವರೊಬ್ಬರೂ ನನ್ನನ್ನು ದಾಟಿದರು. ಹಗ್ಗದಾಚೆ ಮಗಳು ನಿಂತಿದ್ದಳು. ಅಂಗೈಯನ್ನು ಕೆಳಮುಖ ಮಾಡಿ ಮೆಲ್ಲಗೆ ಆಡಿಸಿದಳು. ವಿಡಿಯೋದಲ್ಲಿ ತಾವು ಕೈಯಿಂದ ‘ನಿಧಾನ’ ಎಂದಿದ್ದು ನನ್ನ ಹೆಸರು ಬರೆಸಿದ ಮೇಲೆ ಅವಳಿಗೆ ಅರ್ಥವಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲ. ನನಗೆ ತುಂಬ ನಾಚಿಕೆಯಾಯಿತು. ನಿಧಾನಿಸಿದೆ, ಕೊನೆಯವನಾಗಿ ಮುಟ್ಟಿದೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ಇನ್ನು ಮುಂದೆ ಸೋಮವಾರಗಳಂದು ತಾವು ಕೋಣೆಯಿಂದ ಹೊರಗೆ ಬರಬಾರದು; ಬಂದರೆ ನನ್ನಂಥವರನ್ನು ಕಂಡ ಕೂಡಲೇ ತಾವು ಪ್ರಾಣಭಯದಿಂದೆಂಬಂತೆ ಓಡಬೇಕು. ಇಲ್ಲವೇ ವಿಶ್ವ ಸ್ಪರ್ಧೆಯಲ್ಲೂ ಆಕಳಿಸುತ್ತಲೇ ಓಡಿ, ನನ್ನ ಮಾತು ಉಳಿಸಬೇಕು. ಇವೆರಡೂ ಆಗದಿದ್ದರೆ, ದಯಮಾಡಿ ನಮ್ಮ ಊರಿಗೆ ಬಂದು, ತಮ್ಮ ಹಾಗೆ ನಿಧಾನವಾಗಿ ಓಡುವುದನ್ನು ನನಗೆ ಕಲಿಸಿಕೊಡಬೇಕು. ಜೋರಾಗಿ ಓಡುವುದು ನನಗೆ ಆಗಲೇ ಬರುತ್ತದೆ, ಅರ್ಧ ಸುತ್ತಿನ ಮಟ್ಟಿಗೆ.

ಇಂತಿ ತಮ್ಮ ವಿಶ್ವಾಸಿ,
ಒಂದು ಸೋಮವಾರ ತಮ್ಮನ್ನು ಸೋಲಿಸಿದವನು

ವಿ.ಸೂ.: ಮಗಳು ಈಗ ತಮ್ಮ ಅಭಿಮಾನಿ. ದಿನಾ ಬೆಳಿಗ್ಗೆ ನನ್ನ ಜೊತೆ ಓಡಲು ಬರುತ್ತಾಳೆ. ನಾನು ಮುಂದೆ, ಅವಳು ಹಿಂದೆ. ನನ್ನಿಂದ ಏನಾದರೂ ಕಲಿಯುತ್ತಿದ್ದಾಳೆಂದು ಹೆಮ್ಮೆಪಟ್ಟು ನಿನ್ನೆ ತಿರುಗಿ ನೋಡಿದೆ. ಆಕಳಿಸುತ್ತಿದ್ದಳು.