ಹಿರಿಯರ ಪಾದಕ್ಕಿಂತ ಕೆಳಗೆ

ಸಾಹಸ ಇಲಾಖೆಯ ನಿಯಮದ ಪ್ರಕಾರ, ಹಾರುವ ವೀರರಲ್ಲಿ ಕಿರಿಯರಾದವರು ಯಾವ ಸಂದರ್ಭದಲ್ಲಿಯೂ ಹಿರಿಯರ ಪಾದಕ್ಕಿಂತ ಮೇಲೆ ಹಾರತಕ್ಕದ್ದಲ್ಲ. ಇದು ಶಿಸ್ತಿನ ವಿಷಯ. ಅಪಾಯ ದಿನಾ ಬರುತ್ತದೆ, ಹೋಗುತ್ತದೆ. ಶಿಸ್ತು ಒಮ್ಮೆ ಹೋದರೆ ಹೋಯಿತು. ಇಲಾಖೆಯ ಪ್ರಕಟಣಾಧಿಕಾರಿಯಾದ ನಾನು ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬಣ್ಣ ಬಳಿಯುವವನ ಪ್ರಕರಣದಲ್ಲಿ ಜನ ಬಾಯಿಗೆ ಬಂದಂತೆ ಮಾತಾಡಿದ್ದಾರೆ.

ನಮ್ಮ ಹಿರಿಯ ವೀರರಾದ ಗಗನವೀರರು ಒಂದು ಕಾಲದಲ್ಲಿ ಮೋಡದ ಮೇಲೆ ಹಾರುತ್ತಿದ್ದರು. ಆಮೇಲೆ ಮಹಡಿಗಳ ಎತ್ತರಕ್ಕೆ ಬಂದರು, ಆಮೇಲೆ ಕಾಂಪೌಂಡ್ ಗೋಡೆಯ ಎತ್ತರಕ್ಕೆ. ಈಗ ಮೊಣಕಾಲು ನೋವಿನಿಂದಾಗಿ ಒಂದು ಸ್ಟೂಲಿನಷ್ಟು ಏರುತ್ತಾರೆ. ಸ್ಟೂಲಾದರೇನು, ಏರುತ್ತಾರಲ್ಲ! ಅವರ ಸೇವಾವಧಿಯನ್ನು ಇಲಾಖೆ ಸಂತೋಷದಿಂದ ವಿಸ್ತರಿಸುತ್ತಲೇ ಬಂದಿದೆ.

ಅವರ ಕೈಕೆಳಗೆ ಹೊಸದಾಗಿ ಸೇರಿದವನು ಮಿಂಚುಮರಿ. ಹೆಸರು ಅವನೇ ಇಟ್ಟುಕೊಂಡದ್ದು. ಮೈಯೆಲ್ಲಾ ಕೊಬ್ಬು. ಸಂದರ್ಶನಕ್ಕೆ ಬಾಗಿಲಿದ್ದರೂ ಕಿಟಕಿಯಿಂದ ಬಂದ ಮಹಾಶಯ. ಗಗನವೀರರನ್ನು ಕಂಡು, "ತಾತ, ನೀವು ಕೆಳಗೆ ನಿಂತು ನೋಡ್ತಾ ಇರಿ, ಸಾಕು" ಎಂದ. ಇಂಥವರನ್ನು ದಾರಿಗೆ ತರುವುದಕ್ಕೇ ನಿಯಮಗಳಿರುವುದು.

ಒಂದು ಬೆಳಿಗ್ಗೆ ಹಿಂದಿನ ಬೀದಿಯ ಕಟ್ಟಡದ ಐದನೆಯ ಮಹಡಿಗೆ ಬಣ್ಣ ಬಳಿಯುತ್ತಿದ್ದವನ ಹಲಗೆ, ಒಂದು ಕಡೆಯ ಹಗ್ಗ ಕಿತ್ತು ವಾಲಿತು. ಬಣ್ಣದ ಡಬ್ಬ ನೆಲಕ್ಕೆ ಬಿತ್ತು. ಅವನು ಕಿಟಕಿಯ ಕಂಬಿ ಹಿಡಿದು ನೇತಾಡಿದ. ಆ ಮನೆಗೆ ಬೀಗ ಹಾಕಿತ್ತು. ಕೆಳಗೆ ಬಣ್ಣ ಕಲಸುತ್ತಿದ್ದ ಅವನ ಹೆಂಡತಿ ಎದ್ದೂ ಬಿದ್ದೂ ಇಲಾಖೆಗೆ ಓಡಿಬಂದಳು.

ನಮ್ಮ ವೀರರಿಬ್ಬರೂ ತಡಮಾಡದೆ ಹೊರಟರು, ಹಿಂದೆ ನಾನು. ಮೇಲೆ, ಅಂದರೆ ಸ್ಟೂಲಿನ ಎತ್ತರದಲ್ಲಿ, ಕೈಕಟ್ಟಿಕೊಂಡು ಗಗನವೀರರು. ಅವರ ಪಾದಗಳ ಕೆಳಗೆ ರಸ್ತೆಗೆ ಹೊಟ್ಟೆ ಸವರುವಂತೆ ಮಿಂಚುಮರಿ. ಅವನ ನಿಲುವಂಗಿ ದಾರಿಯುದ್ದಕ್ಕೂ ಕಸ ಗುಡಿಸಿತು, ಅದಕ್ಕಾಗಿ ನಗರಸಭೆಯವರು ಆಮೇಲೆ ಮೆಚ್ಚುಗೆ ಸೂಚಿಸಿದ್ದಾರೆ.

ಗಗನವೀರರು ಕನ್ನಡಕ ಸರಿಮಾಡಿಕೊಂಡು ಮೇಲೆ ನೋಡಿ, ಧೈರ್ಯವಾಗಿರಪ್ಪ, ನಾವು ಬಂದಿದ್ದೀವಿ ಎಂದರು. ಮೇಲಿನವನು ಏನೋ ಹೇಳಿದ, ಅದನ್ನು ಇಲ್ಲಿ ದಾಖಲಿಸುವಂತಿಲ್ಲ. ಮಿಂಚುಮರಿ ಒಂದೇ ನೆಗೆತಕ್ಕೆ ಹೋಗಿ ಬರುತ್ತೇನೆಂದು ಚಡಪಡಿಸಿದ. ಗಗನವೀರರು ದೊಡ್ಡ ಮನಸ್ಸಿನವರು, ತಮ್ಮದೇನೂ ಅಭ್ಯಂತರವಿಲ್ಲ, ಆದರೆ ತಾವು ಮೊದಲು ಇನ್ನೂ ಮೇಲೆ ಹೋಗಬೇಕಲ್ಲ ಎಂದರು. ಅವರನ್ನು ಲಿಫ್ಟಿನಲ್ಲಿ ಕಳಿಸಿ ಎಂದು ಯಾರೋ ಒಬ್ಬ ತಲೆಹರಟೆ ಮಾಡಿದ. ಲಿಫ್ಟಿನಲ್ಲಿ ಹೋದದ್ದನ್ನು ಹಾರಾಟವೆಂದು ಪರಿಗಣಿಸಲಾಗದು ಎಂದು ನಾನು ಸ್ಥಳದಲ್ಲೇ ಸ್ಪಷ್ಟಪಡಿಸಿದೆ. ನಿಯಮ ಸಡಿಲಿಸಲು ನಿರ್ದೇಶಕರಿಗೆ ಫೋನು ಮಾಡಿದಾಗ ಅವರು ಸುರಕ್ಷತಾ ಸಭೆಯಲ್ಲಿದ್ದರು.

ಆಗ ಆ ಹೆಂಗಸು ನೆಲಕ್ಕೆ ಕೂತು, ಮಿಂಚುಮರಿಯ ಮುಖಕ್ಕೆ ಮುಖ ಕೊಟ್ಟು ಕೇಳಿದಳು: "ನಿಂಗೆ ಮೇಲೆ ಹಾರೋಕೆ ಬರಲ್ವೇನಪ್ಪಾ? ನಮ್ಮನೆಯವರ ಕೈ ಸೋಲ್ತಾ ಇದೆ."

"ಬರುತ್ತೆ ಅಕ್ಕ," ಎಂದ ಅವನು. "ಮುಂದಿನ ತಿಂಗಳು ನನ್ನ ಕೆಲಸ ಖಾಯಂ ಆಗೋದಿದೆ."

ಹುಡುಗನ ಮೇಲೆ ನನಗೆ ಮೊದಲ ಬಾರಿ ಅಭಿಮಾನ ಉಕ್ಕಿತು.

ಬಣ್ಣ ಬಳಿಯುವವನು ಕೈಬಿಟ್ಟ. ಐದನೆಯ ಮಹಡಿಯಿಂದ ಸ್ಟೂಲಿನವರೆಗೆ ಅವನು ನಮ್ಮ ವ್ಯಾಪ್ತಿಗೆ ಬರುತ್ತಿರಲಿಲ್ಲ. ವ್ಯಾಪ್ತಿಗೆ ಬಂದ ಕ್ಷಣವೇ ಮಿಂಚುಮರಿ ಎರಡೂ ಕೈ ಚಾಚಿ ಅವನನ್ನು ಹಿಡಿದ. ಬಿದ್ದವನ ಕಾಲುಗಳು ಮಾತ್ರ ಆತುರಪಟ್ಟು ಮೊದಲೇ ನೆಲ ಮುಟ್ಟಿದ್ದವು. ಎರಡೂ ಮುರಿದವು. ಜೀವ ಉಳಿಯಿತು, ಮತ್ತು ಪ್ರಕಟಣೆಯಲ್ಲಿ ನಾವು ಬರೆದದ್ದೂ ಅಷ್ಟೇ.

ಇಂಥ ಗೊಂದಲ ಮರುಕಳಿಸಬಾರದೆಂದು ಇಲಾಖೆ ಮರುದಿನವೇ ಸಾರಿತು: "ನಾಗರಿಕರು ಅಪಾಯಕ್ಕೆ ಸಿಲುಕುವಾಗ ಸಾಧ್ಯವಾದಷ್ಟು ನೆಲಮಹಡಿಯಲ್ಲಿಯೇ ಸಿಲುಕಿಕೊಂಡು ಸಹಕರಿಸತಕ್ಕದ್ದು. ಮೇಲಿನ ಮಹಡಿಗಳಲ್ಲಿ ಸಿಲುಕಿದವರು ಸ್ವಂತ ಜವಾಬ್ದಾರಿಯ ಮೇಲೆ ಕೆಳಗೆ ಬಂದು, ನಂತರ ರಕ್ಷಣೆ ಕೋರತಕ್ಕದ್ದು." ಜನ ಒಂದೆರಡು ದಿನ ಗೊಣಗಿದರು. ಆಮೇಲೆ ಮೇಲಿನ ಮನೆಗಳ ಬಾಡಿಗೆ ಇಳಿಯಿತು, ಗೊಣಗಾಟ ನಿಂತಿತು.

ಹೊಸ ತಿಂಗಳು ಹುಟ್ಟಿದ ಮೇಲೆ ನಾವು ಮೂವರೂ ಫೋಟೋ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋದೆವು. ಬಣ್ಣ ಬಳಿಯುವವನು ಎರಡೂ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದ. ಇನ್ನು ಏಣಿ ಹತ್ತುವ ಹಾಗಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಹೆಂಡತಿ ಜಗಳಕ್ಕೆ ನಿಲ್ಲುತ್ತಾಳೆಂದು ನಾನು ಬಾಗಿಲ ಬಳಿಯೇ ನಿಂತೆ. ಅವಳು ಎದ್ದು ಗಗನವೀರರಿಗೆ ಕುರ್ಚಿ ಕೊಟ್ಟಳು. ಆಮೇಲೆ ಮಿಂಚುಮರಿಯ ಕಡೆ ತಿರುಗಿದಳು.

"ಖಾಯಂ ಆಯ್ತೇನಪ್ಪಾ?"

"ಆಯ್ತು ಅಕ್ಕ."

ಹಾಸಿಗೆಯಲ್ಲಿದ್ದವನು ನಿಟ್ಟುಸಿರುಬಿಟ್ಟ. "ಸದ್ಯ," ಎಂದ. "ನನ್ನ ಕಾಲು ಹೋಗಿದ್ದಕ್ಕೆ ಒಬ್ಬರಿಗಾದ್ರೂ ಒಳ್ಳೇದಾಯ್ತಲ್ಲ."

ಅದು ಸರಿಯಾದ ಮಾತೆಂದು ನಾವೆಲ್ಲರೂ ಒಪ್ಪಿ ತಲೆಯಾಡಿಸಿದೆವು.